ತ್ರಿಕೋನ ಕಂಡರೆ ಬೈಗುಳ ಶುರು

‘ಸರ್ಟಿಫಿಕೇಟಿನ ಎಡಗಡೆ ಕೆಳಮೂಲೆ ನೋಡಿ ಮಾರಾಯ್ರೆ, ಅಲ್ಲಿ ತ್ರಿಕೋನ ಉಂಟಾ ಇಲ್ವಾ? ನಮ್ಮ ಹುಡುಗರಿಗೆ ಬೇಕಾದದ್ದು ಅದೊಂದೇ’ ಎನ್ನುತ್ತ ಆಪರೇಟರಣ್ಣ ಫಿಲ್ಮಿನ ತುಂಡೊಂದನ್ನು ಕಿಟಕಿಯ ಬೆಳಕಿಗೆ ಹಿಡಿದರು. ಬಂಟ್ವಾಳ ತಾಲೂಕಿನ ಟಾಕೀಸೊಂದರಲ್ಲಿ ರೀಲು ಸುತ್ತುತ್ತಲೇ ಯೌವನ ಕಳೆದವರು ಇವರು. ಟಾಕೀಸು ಮುಚ್ಚಿದೆ. ಹರಿದ ಪ್ರಿಂಟುಗಳಿಂದ ಕತ್ತರಿಸಿ ತೆಗೆದ ತುಂಡುಗಳು ಮಾತ್ರ ಪಾಣೆಮಂಗಳೂರಿನ ಮನೆಯ ಬಿಸ್ಕತ್ತಿನ ಡಬ್ಬಿಯಲ್ಲಿ ಭದ್ರವಾಗಿವೆ. ಹದಿಹರೆಯದ ಮಕ್ಕಳು ಪರದೆಯ ಮೇಲೆ ಏನೆಲ್ಲ ನೋಡುತ್ತಾರೆ, ಅದಕ್ಕೆ ಊರು ಏನನ್ನುತ್ತದೆ ಎಂದು ಬರೆಯಲು ಹೊರಟ ನನಗೆ ಈ ತ್ರಿಕೋನ ಅಂಟಿಕೊಂಡುಬಿಟ್ಟಿತು.

ಸಂಗತಿ ಇಷ್ಟು. ಸೆನ್ಸಾರ್ ಮಂಡಳಿ ಚಿತ್ರದಿಂದ ಏನನ್ನಾದರೂ ಕತ್ತರಿಸಿದ್ದರೆ ಸರ್ಟಿಫಿಕೇಟಿನ ಆ ಮೂಲೆಯಲ್ಲಿ ಪುಟ್ಟ ತ್ರಿಕೋನವೊಂದನ್ನು ಹಾಕಬೇಕೆಂಬುದು ನಿಯಮ. ಏನೇನು ಹೋಯಿತು ಎನ್ನುವ ಪಟ್ಟಿ ಸರ್ಟಿಫಿಕೇಟಿನ ಎರಡನೇ ಭಾಗದಲ್ಲಿರುತ್ತದೆ, ಪ್ರೇಕ್ಷಕನಿಗೆ ಕಾಣುವುದಿಲ್ಲ. ಕೆಲವೇ ಸೆಕೆಂಡು ಪರದೆಯ ಮೇಲೆ ನಿಂತು ಮರೆಯಾಗುವ ಈ ಹಾಳೆಯನ್ನು ನಾವೆಲ್ಲ ಸೀಟು ಹುಡುಕುವ ಗಡಿಬಿಡಿಯಲ್ಲಿ ಬಿಟ್ಟುಬಿಟ್ಟವರು. ಮುಂದಿನ ಬೆಂಚಿನ ಹುಡುಗರು ಬಿಟ್ಟಿರಲಿಲ್ಲ. ತ್ರಿಕೋನ ಕಂಡರೆ ‘ಹೋಯ್ತು, ಕತ್ತರಿ ಬಿದ್ದಿದೆ’ ಎಂದು ಬೈಗುಳ ಶುರು. ಮದ್ರಾಸಿನಲ್ಲೋ ಬೆಂಗಳೂರಿನಲ್ಲೋ ಕೂತು ಕತ್ತರಿಸಿದವರಿಗೆ ಸಲ್ಲಬೇಕಾದ ಬೈಗುಳವೆಲ್ಲ ಪ್ರೊಜೆಕ್ಟರ್ ರೂಮಿನ ಕಿಂಡಿಯತ್ತ ಬರುತ್ತಿತ್ತು. ಕತ್ತರಿ ಹಾಕಿದವನು ತಾನೇ ಎಂದು ಎಷ್ಟೋ ಮಂದಿ ಈಗಲೂ ನಂಬಿದ್ದಾರೆ ಎಂದು ಅವರು ನಕ್ಕರು.

ಒಂದು ಪ್ರಶ್ನೆ ಕೇಳದಿರಲಾಗಲಿಲ್ಲ. ಕತ್ತರಿ ಬಿದ್ದದ್ದು ಚೂರಿ ಇರಿತಕ್ಕೋ ಮುತ್ತಿಗೋ ಎಂದು ಹುಡುಗರಿಗೆ ಹೇಗೆ ಗೊತ್ತಾಗುತ್ತಿತ್ತು? ‘ಗೊತ್ತಾಗ್ಲಿಕ್ಕೆ ಎಂಥ ಉಂಟು? ಮುತ್ತೇ ಅಂತ ಲೆಕ್ಕ. ಕಡಿದದ್ದು ಕಟ್ಟಾದ್ರೆ ಯಾರಿಗೆ ಬೇಜಾರು?’

ನಮ್ಮ ಈ ಕಡೆಯ ಊರುಗಳ ಸೆನ್ಸಾರ್ ಸಂಹಿತೆ ಅಷ್ಟರಲ್ಲೇ ಮುಗಿಯಿತು ಎನ್ನಬಹುದು. ಕಾಮ ಕೂಡದು, ಬೈಗುಳ ಜನ ನೋಡಿ, ರಕ್ತಕ್ಕೆ ಅಡ್ಡಿಯಿಲ್ಲ.

ಅಡ್ಡಿಯಿಲ್ಲದ್ದಕ್ಕೆ ಕಾರಣ ಯಕ್ಷಗಾನದ ಆಟ ನಡೆಯುವ ಗದ್ದೆಯಲ್ಲೇ ಇದೆ. ಕಟೀಲು ಮೇಳದ ‘ದೇವಿ ಮಹಾತ್ಮೆ’ ಹರಕೆಯಾಟ ಈ ಕಡೆಯ ಯಾವ ಊರಿಗೆ ಬಂದಿಲ್ಲ? ನಡುರಾತ್ರಿ ದೊಂದಿ ಬೆಳಕಿನಲ್ಲಿ ಸಭೆಯ ನಡುವಿನಿಂದಲೇ ಮಹಿಷಾಸುರ ನುಗ್ಗಿ ಬರುವಾಗ ನಿದ್ದೆಗಣ್ಣಿನ ಮಕ್ಕಳನ್ನು ಎಬ್ಬಿಸಿ ಕೂರಿಸುತ್ತೇವೆ. ಆಮೇಲೆ ರಕ್ತಬೀಜ. ಬೇರೆ ಪ್ರಸಂಗದಲ್ಲಿ ಭೀಮ ದುಶ್ಶಾಸನನ ಒಡಲು ಬಗೆಯುತ್ತಾನೆ. ಮೊಮ್ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು ಇದನ್ನೆಲ್ಲ ನೋಡುವ ಅಜ್ಜಿಯೇ, ಟಿವಿಯಲ್ಲಿ ನಾಯಕ ನಾಯಕಿಯ ಮೂಗುಗಳು ಹತ್ತಿರವಾದರೆ ರಿಮೋಟು ಹುಡುಕುತ್ತಾರೆ. ಇದನ್ನು ಆಷಾಢಭೂತಿತನ ಎನ್ನುವವರ ಮಾತು ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಆಟದಲ್ಲಿ ಸಾಯುವವನು ಸಾಯುವ ಮುಂಚೆ ಗಂಟೆಗಟ್ಟಲೆ ಮಾತಾಡುತ್ತಾನೆ, ತನ್ನ ನ್ಯಾಯ ಹೇಳುತ್ತಾನೆ. ‘ಕೆಜಿಎಫ್’ ಎರಡನೇ ಭಾಗದಲ್ಲಿ ‘ದೊಡ್ಡಮ್ಮ’ ಎಂಬ ಬಂದೂಕಿನ ಎದುರು ಬಿದ್ದವರಿಗೆ ಆ ಅವಕಾಶವಿರಲಿಲ್ಲ. 2022ರ ಆ ಚಿತ್ರಕ್ಕೆ ಸಿಕ್ಕದ್ದು ಯುಎ ಸರ್ಟಿಫಿಕೇಟು.

ಅದೇ ವರ್ಷ ‘ಕಾಂತಾರ’ ಬಂದಾಗ ಇಲ್ಲಿ ತಕರಾರು ಎದ್ದದ್ದು ಯಾವುದಕ್ಕೆ ನೆನಪಿಸಿಕೊಳ್ಳಿ. ಕೊನೆಯ ಕಾಳಗದ ರಕ್ತದ ಬಗ್ಗೆ ಯಾರೂ ಚಕಾರ ಎತ್ತಲಿಲ್ಲ. ನಾಯಕ ಹುಡುಗಿಯ ಸೊಂಟ ಚಿವುಟಿದ್ದನ್ನು ಪ್ರಶ್ನಿಸಿದವರು ಹೆಚ್ಚಾಗಿ ನಗರದ ವಿಮರ್ಶಕರು. ನಮ್ಮವರಿಗೆ ಕಸಿವಿಸಿಯಾದದ್ದು ಮಕ್ಕಳು ಅಂಗಳದಲ್ಲಿ ದೈವದ ಕೂಗು ಅನುಕರಿಸಿದಾಗ. ರಿಷಬ್ ಶೆಟ್ಟಿ ಅವರೇ ಹಾಗೆ ಮಾಡಬೇಡಿ ಎಂದು ಕೇಳಿಕೊಳ್ಳಬೇಕಾಯಿತು. 2025ರ ‘ಕಾಂತಾರ ಅಧ್ಯಾಯ 1’ಕ್ಕೆ ಯುಎ 16+ ಬಂತು.

ಈ 16+ ಎಲ್ಲಿಂದ ಬಂತು ಎಂದರೆ, 1952ರ ಸಿನಿಮಾ ಕಾಯ್ದೆಯಲ್ಲಿ ಇದ್ದದ್ದು ಎಲ್ಲರಿಗೂ ಮತ್ತು ವಯಸ್ಕರಿಗೆ ಎಂಬ ಎರಡೇ ಬಗೆ. 1983ರಲ್ಲಿ ಯುಎ ಸೇರಿತು. 2023ರ ತಿದ್ದುಪಡಿ, 2024ರ ನಿಯಮಗಳು ಅದನ್ನು 7+, 13+, 16+ ಎಂದು ಒಡೆದವು. ಅಷ್ಟೆಲ್ಲ ಮಾಡಿದ ಕಾಯ್ದೆಯೇ ಈ ಗುರುತು ತಂದೆ ತಾಯಿಗೆ ಸೂಚನೆ ಮಾತ್ರ, ಬೇರೆ ಯಾರೂ ಅದನ್ನು ಜಾರಿ ಮಾಡುವಂತಿಲ್ಲ ಎಂದೂ ಹೇಳಿದೆ.

ಹಾಗಾದರೆ ಮೊದಲು ಜಾರಿ ಮಾಡುತ್ತಿದ್ದವರು ಯಾರು? ಗುರ್ತದವರು. ಮಲಯಾಳದ ‘ವಯಸ್ಕರಿಗೆ ಮಾತ್ರ’ ಚಿತ್ರಗಳ ಮಾರ್ನಿಂಗ್ ಶೋಗಳಿಂದಲೇ ಎಷ್ಟೋ ಟಾಕೀಸುಗಳು ಉಸಿರು ಹಿಡಿದ ಕಾಲವೊಂದಿತ್ತು. ಆಪರೇಟರಣ್ಣ ಹೇಳಿದ ಕತೆ ಆಗಿನದು. ಯೂನಿಫಾರಂ ಚಡ್ಡಿಯ ಮೇಲೆ ಲುಂಗಿ ಸುತ್ತಿ ಬಂದ ಹುಡುಗನ ವಯಸ್ಸನ್ನು ಗೇಟಿನವನು ಕೇಳಲೇ ಇಲ್ಲ. ‘ನಿನ್ನ ಸೋದರಮಾವ ಬಾಲ್ಕನಿಯಲ್ಲಿ ಕೂತಿದ್ದಾರೆ, ಹೋಗ್ತೀಯಾ?’ ಎಂದನಂತೆ. ಹುಡುಗ ಬಸ್‌ಸ್ಟ್ಯಾಂಡಿನವರೆಗೂ ಓಡಿದ. ಮಾವ ಒಳಗಿದ್ದದ್ದು ನಿಜವೇ ಎಂದರೆ, ‘ಅವರು ವಾರವೂ ಇರ್ತಿದ್ರು’ ಎಂಬ ಉತ್ತರ ಬಂತು.

ಈ ಮಾವಂದಿರ ಕಾವಲು ಬಹಳ ಒಳ್ಳೆಯದಿತ್ತೆಂದು ನಾನು ಹೇಳಲಾರೆ. ಮುಚ್ಚಿಡುವುದನ್ನು ಕಲಿಸಿತೇ ಹೊರತು ಅದು ಇನ್ನೇನನ್ನೂ ಕಲಿಸಲಿಲ್ಲ. ಆದರೆ ಈಗ ಅದೂ ಇಲ್ಲ. ಮೂಡುಬಿದಿರೆಯಲ್ಲಿ ಪಿಯುಸಿಗೆ ಪಾಠ ಮಾಡುವ ಗೆಳತಿಯೊಬ್ಬಳು ಹೇಳುವಂತೆ, ಹಾಸ್ಟೆಲಿನಲ್ಲಿ ಮೊಬೈಲು ಇಲ್ಲದ ಮಕ್ಕಳು ರಜೆಗೆ ಊರಿಗೆ ಹೋದಾಗ ತಿಂಗಳ ಬಾಕಿಯನ್ನೆಲ್ಲ ಒಂದೇ ರಾತ್ರಿ ನೋಡಿ ಮುಗಿಸುತ್ತಾರೆ. ಮನೆಯವರ ಜೊತೆ ಕೂತಾಗ ಮುತ್ತಿನ ದೃಶ್ಯ ಬಂದರೆ ತಾವೇ ಮುಂದಕ್ಕೆ ಓಡಿಸುತ್ತಾರೆ, ಕೊಲೆ ಬಂದರೆ ಹಿಂದಕ್ಕೆ ತಂದು ಇನ್ನೊಮ್ಮೆ ನೋಡುತ್ತಾರೆ. ತುಳು ನಾಟಕದ ಹಾಸ್ಯಗಾರ ಬೈದಾಗ ಇಡೀ ಸಂಸಾರ ಒಟ್ಟಿಗೆ ನಗುತ್ತದೆ. ಅಮ್ಮ, ಅಕ್ಕನನ್ನು ಎಳೆದು ತರುವ ಸಿನಿಮಾದ ಬೈಗುಳ ಬೇರೆ ಜಾತಿಯದು. ‘ಅದನ್ನು ಹುಡುಗರು ಕಲಿತು ನಮ್ಮ ಮೇಲೆ ಪ್ರಯೋಗಿಸ್ತಾರೆ ಮೇಡಂ’ ಎಂದು ವಿದ್ಯಾರ್ಥಿನಿಯೊಬ್ಬಳು ದೂರಿದ್ದಳಂತೆ. ಅಶ್ಲೀಲದ ಬಗ್ಗೆ ಕೇಳಿದ ಭಾಷಣಗಳಿಗಿಂತ ಈ ಒಂದು ದೂರು ನನಗೆ ತೂಕದ್ದೆನಿಸಿತು.

ಗುರುವಾಯನಕೆರೆಯ ಬಳಿ ಬೀಡಿ ಕಟ್ಟುವ ಅಕ್ಕನೊಬ್ಬರ ತಕರಾರು ಇನ್ನೊಂದು. ಅವರು ಎಲೆ ಕತ್ತರಿಸುತ್ತ ಮಗನ ಫೋನಿನಲ್ಲಿ ಸಿನಿಮಾ ಹಾಕಿಕೊಳ್ಳುತ್ತಾರೆ. ನಾಯಕ ಬೀಡಿ ಹಚ್ಚಿದ ತಕ್ಷಣ ಕೆಳಗೆ ಎಚ್ಚರಿಕೆಯ ಸಾಲು. ಥಿಯೇಟರಿನಲ್ಲಿ 2012ರಿಂದ ಇರುವ ಈ ಸಾಲು 2023ರ ಸೆಪ್ಟೆಂಬರ್ 1ರಿಂದ ಒಟಿಟಿಗೂ ಕಡ್ಡಾಯ. ‘ಎಳೆದ್ರೆ ಬರೀತಾರೆ, ತಲವಾರು ಬೀಸಿದ್ರೆ ಏನೂ ಬರೆಯುವುದಿಲ್ಲ. ನನ್ನ ಮಗನ ಫೀಸು ಕಟ್ಟಿದ್ದು ಬೀಡಿಯಿಂದ’ ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ತಲವಾರಿಗೆ ಸರ್ಟಿಫಿಕೇಟೇ ಬೇಡವಾಗಿದೆ ಎನ್ನುವುದು ಇಲ್ಲಿಯವರಿಗೆ ಗೊತ್ತು. 2025ರ ಮೇ ತಿಂಗಳಲ್ಲಿ ಬಜಪೆಯಲ್ಲಿ ನಡೆದ ಕೊಲೆಯೊಂದರ ದೃಶ್ಯ ಮನೆಮನೆಯ ವಾಟ್ಸ್‌ಆ್ಯಪ್‌ಗೆ ಬಂತು. ಕಳಿಸಿದವರು ದೊಡ್ಡವರು, ನೋಡಿದವರಲ್ಲಿ ಎಂಟನೇ ತರಗತಿಯವರೂ ಇದ್ದರು. ಸಿನಿಮಾ ಮಕ್ಕಳನ್ನು ಕೆಡಿಸುತ್ತದೆ ಎಂದು ವೇದಿಕೆ ಹತ್ತುವವರು ಆ ವಾರ ತಮ್ಮ ಫೋನಿನಿಂದ ಏನೇನು ಮುಂದೆ ಕಳಿಸಿದರು ಎಂದು ಮೊದಲು ತೆರೆದು ನೋಡಲಿ.

ಮಂಡಳಿಯ ಕತ್ತರಿಯೂ ಈಗ ತಡವಾಗಿಯೇ ತಲುಪುತ್ತದೆ. ‘ಎ’ ಸರ್ಟಿಫಿಕೇಟಿನ ಮಲಯಾಳ ಚಿತ್ರ ‘ಮಾರ್ಕೊ’ವನ್ನು ಟಿವಿಯಲ್ಲಿ ತೋರಿಸಲು 2025ರಲ್ಲಿ ಮಂಡಳಿ ಒಪ್ಪಲಿಲ್ಲ. ಅಷ್ಟರಲ್ಲಿ ಚಿತ್ರ ಒಟಿಟಿಗೆ ಬಂದಾಗಿತ್ತು.

ಒಟಿಟಿಗೂ ನಿಯಮವಿಲ್ಲದೆ ಇಲ್ಲ. 2021ರ ಐಟಿ ನಿಯಮಗಳ ಪ್ರಕಾರ 13+ ಮತ್ತು ಮೇಲಿನ ಎಲ್ಲದಕ್ಕೂ ಪೋಷಕರು ಹಾಕಬಹುದಾದ ಬೀಗ ಇರಲೇಬೇಕು, ‘ಎ’ ಚಿತ್ರಕ್ಕೆ ವಯಸ್ಸಿನ ಪರಿಶೀಲನೆ ಬೇಕು. ಬೀಗ ಆ್ಯಪ್‌ನಲ್ಲಿಯೇ ಇದೆ, ನಾಲ್ಕಂಕಿಯ ಪಿನ್ ಸಾಕು. ನಾನು ಕೇಳಿದ ಮನೆಗಳಲ್ಲಿ ಆ್ಯಪ್ ಹಾಕಿಕೊಟ್ಟವನು ಪಿಯುಸಿ ಓದುವ ಮಗ, ಪಿನ್ ಇಟ್ಟವನೂ ಅವನೇ. ನಿಮ್ಮ ಮನೆಯಲ್ಲಿ ಯಾರೆಂದು ಇವತ್ತೇ ಕೇಳಿ ನೋಡಿ.