ಬೇಂದ್ರೆ ಮನೆಮಾತು ಮರಾಠಿ, ಕಾರ್ನಾಡರದು ಕೊಂಕಣಿ: ಹಾಗಾದ್ರೆ ಕನ್ನಡ ಯಾರದು?

"ನಿಮ್ ಕನ್ನಡ ಭಾಳ ಚಲೋ ಐತಲ್ರೀ!"

ಹಳೇ ಹುಬ್ಬಳ್ಳಿಯಲ್ಲೇ ಹುಟ್ಟಿ ಬೆಳೆದ ನನಗೆ ಈ ಮಾತು ಈಗಲೂ ಕೇಳಿಬರುತ್ತೆ. ನನ್ನ ಮನೆಮಾತು ಉರ್ದು. ಹೊಗಳಿಕೆ ಅಂತ ಗೊತ್ತು. ಆದರೆ ಅದರೊಳಗೆ ಒಂದು ಪ್ರಶ್ನೆಯೂ ಕೂತಿರುತ್ತೆ: ಕನ್ನಡ ನಿಮ್ಮದಲ್ಲವಲ್ಲ, ಹೆಂಗ ಬಂತು? ಆಗೆಲ್ಲ ನನಗೆ ಧಾರವಾಡದ ಇಬ್ಬರು ನೆನಪಾಗ್ತಾರೆ. ದ.ರಾ. ಬೇಂದ್ರೆ ಮತ್ತು ಗಿರೀಶ ಕಾರ್ನಾಡ.

ಬೇಂದ್ರೆಯವರ ಮನೆಮಾತು ಮರಾಠಿ, ಕಾರ್ನಾಡರದು ಕೊಂಕಣಿ. ಇಬ್ಬರಿಗೂ ಜ್ಞಾನಪೀಠ ತಂದದ್ದು ಕನ್ನಡ. ಒಬ್ಬರಿಗೆ 1973ರಲ್ಲಿ, ಇನ್ನೊಬ್ಬರಿಗೆ 1998ರಲ್ಲಿ.

ಒಬ್ಬ ಲೇಖಕನ ಪ್ರಭಾವ ಇನ್ನೊಬ್ಬನ ಮೇಲೆ ಆಗಿದೆ ಅಂದಾಗ ನಾವು ಶೈಲಿಯಲ್ಲಿ ಹುಡುಕ್ತೀವಿ. ಇಲ್ಲಿ ಹಾಗೆ ಹುಡುಕಿದರೆ ಹೆಚ್ಚೇನೂ ಸಿಗಲ್ಲ. ಬೇಂದ್ರೆ ಕಾವ್ಯದ ಉಸಿರು ಧಾರವಾಡದ ಆಡುಮಾತು, ಜನಪದದ ಲಯ. 'ಯಯಾತಿ', 'ತುಘಲಕ್'ನ ಕಾರ್ನಾಡರದು ಪುರಾಣ, ಇತಿಹಾಸಗಳನ್ನು ಕೆದಕುವ ನಾಟಕದ ಗದ್ಯ. ಹಾಗಾದರೆ ದಾಟಿದ್ದೇನು?

ಕಾಲ ನೋಡಿ. 14ನೇ ವಯಸ್ಸಿನ ಹೊತ್ತಿಗೆ ಕಾರ್ನಾಡರು ಶಿರಸಿಯಿಂದ ಧಾರವಾಡಕ್ಕೆ ಬಂದರು. ಕರ್ನಾಟಕ ಕಾಲೇಜಿನಲ್ಲಿ ಗಣಿತ, ಸಂಖ್ಯಾಶಾಸ್ತ್ರ ಓದಿ 1958ರಲ್ಲಿ ಪದವಿ ಪಡೆದರು. ಸೊಲ್ಲಾಪುರದಲ್ಲಿ ಪಾಠ ಹೇಳುತ್ತಿದ್ದ ಬೇಂದ್ರೆ 1956ರಲ್ಲಿ ಧಾರವಾಡಕ್ಕೆ ಮರಳಿ ಆಕಾಶವಾಣಿಯ ಸಲಹೆಗಾರರಾದರು. 1958ರಲ್ಲೇ 'ಅರಳು ಮರಳು' ಸಂಕಲನಕ್ಕೆ ಅವರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 'ನರಬಲಿ' ಅನ್ನೋ ಕನ್ನಡ ಕವಿತೆಗಾಗಿ ಬ್ರಿಟಿಷರ ಕಾಲದಲ್ಲಿ ಜೈಲಿಗೂ ಹೋಗಿಬಂದಿದ್ದ ಮನುಷ್ಯ ಅವರು. ಅಂದರೆ ಆ ಹುಡುಗ ಓದುತ್ತಿದ್ದ ಊರಿನಲ್ಲಿ ಕನ್ನಡದ ಅತಿ ದೊಡ್ಡ ದನಿ, ಮನೆಯಲ್ಲಿ ಕನ್ನಡ ಆಡದವರದಾಗಿತ್ತು.

ಕಾರ್ನಾಡರ ಕನಸು ಇಂಗ್ಲಿಷ್ ಕವಿ ಆಗೋದು. ರೋಡ್ಸ್ ವಿದ್ಯಾರ್ಥಿವೇತನ ಪಡೆದು ಆಕ್ಸ್‌ಫರ್ಡ್‌ಗೆ ಹೊರಡುವ ಹೊತ್ತಲ್ಲಿ ಬರೆದ 'ಯಯಾತಿ' ಮಾತ್ರ ಕನ್ನಡದಲ್ಲಿ ಬಂತು. ಇದು ತಮಗೇ ಅಚ್ಚರಿ ತಂದಿತ್ತು ಅಂತ ಅವರೇ ಬರೆದಿದ್ದಾರೆ. 1961ರಲ್ಲಿ ಜಿ.ಬಿ. ಜೋಶಿಯವರ ಮನೋಹರ ಗ್ರಂಥಮಾಲೆ ಅದನ್ನು ಪ್ರಕಟಿಸಿತು.

ಕನ್ನಡವೇ ಯಾಕೆ? ಶಿರಸಿಯಲ್ಲಿ ನೋಡಿದ ಯಕ್ಷಗಾನ, ಕಂಪನಿ ನಾಟಕಗಳು, ಗ್ರಂಥಮಾಲೆಯ ಅಟ್ಟದ ಹರಟೆ, ಎಲ್ಲವೂ ಕಾರಣವೇ. ನಾನು ಇನ್ನೊಂದನ್ನು ಸೇರಿಸ್ತೀನಿ: ಬೇಂದ್ರೆ ಇದ್ದರು ಅನ್ನೋದು. ಇದು ಕಾರ್ನಾಡರ ಮಾತಲ್ಲ, ನನ್ನ ಓದು. ಮನೆಮಾತು ಬೇರೆ ಇದ್ದೂ ಕನ್ನಡವನ್ನು ತನ್ನದಾಗಿಸಿಕೊಳ್ಳಬಹುದು, ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ ಅನ್ನೋದಕ್ಕೆ ಅವರೇ ಕಣ್ಣೆದುರಿನ ಸಾಕ್ಷಿ. ವ್ಯಕ್ತಿತ್ವದ ಪ್ರಭಾವ ಅಂದರೆ ನನ್ನ ಪ್ರಕಾರ ಇದೇ. ಹೇಗೆ ಬರೀಬೇಕು ಅಂತ ಅದು ಕಲಿಸಲ್ಲ, ನೀನೂ ಬರೀಬಹುದು ಅನ್ನೋ ಧೈರ್ಯ ಕೊಡುತ್ತೆ.

ಆ ನಂಟು ಕಡೆತನಕ ಉಳಿಯಿತು. 1972ರಲ್ಲಿ ಕಾರ್ನಾಡರು ಬೇಂದ್ರೆ ಕುರಿತು ಸಾಕ್ಷ್ಯಚಿತ್ರ ಮಾಡಿದರು. 2011ರಲ್ಲಿ ಬಂದ ಆತ್ಮಕಥೆಗೆ 'ಆಡಾಡತ ಆಯುಷ್ಯ' ಅನ್ನೋ ಹೆಸರನ್ನು ಬೇಂದ್ರೆ ಕವಿತೆಯಿಂದಲೇ ಎತ್ತಿಕೊಂಡರು.

ಇಂದು ಕನ್ನಡದ ಹೆಸರಿನಲ್ಲಿ ಯಾರು ಒಳಗಿನವರು, ಯಾರು ಹೊರಗಿನವರು ಅಂತ ಗೆರೆ ಎಳೆಯೋರು ಬಹಳ. ಮನೆಮಾತಿನ ಮೇಲೆ ಆ ಗೆರೆ ಎಳೆದರೆ ಇವರಿಬ್ಬರೂ ಆಚೆಯೇ ಉಳೀತಾರೆ. "ಬೇಂದ್ರೆ ಕನ್ನಡ ಚಲೋ ಐತಲ್ಲ" ಅಂತ ಯಾರೂ ಅಚ್ಚರಿಪಡಲ್ಲ. ಗಣೇಶಪೇಟೆಯಲ್ಲಿ ಉರ್ದು, ಲಂಬಾಣಿ, ತೆಲುಗು ಆಡುತ್ತಾ ಬೆಳೆದು ಕನ್ನಡದಲ್ಲಿ ಬರೆಯೋ ಹುಡುಗ-ಹುಡುಗಿಯರ ಬಗ್ಗೆಯೂ ಅಚ್ಚರಿಪಡಬೇಡಿ. ಅವರು ಬರೆದದ್ದನ್ನು ಓದಿ, ಚಲೋ ಇಲ್ಲಾಂದ್ರೆ ಬೈಯಿರಿ. ಅಷ್ಟು ಸಾಕು.