ಕುತ್ತಿಗೆ ನೋವಿಗೆ ಒಣ ಸೂಜಿ

ನಮಾಝ್ ಮುಗಿಸಿ ಬಲಕ್ಕೆ ಸಲಾಮ್ ಹೇಳುವಾಗ ಕತ್ತು ಸರಾಗ ತಿರುಗುತ್ತದೆ, ಎಡಕ್ಕೆ ಅರ್ಧಕ್ಕೇ ನಿಲ್ಲುತ್ತದೆ. ಕುತ್ತಿಗೆ ಬಿಗಿದಿರುವುದು ಅನೇಕರಿಗೆ ಗೊತ್ತಾಗುವುದೇ ಹೀಗೆ. ಕೊಲ್ಹಾರದಂಥ ಊರಿನಲ್ಲಿ ಇದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ತಲೆ ಬಗ್ಗಿಸಿ ರೊಟ್ಟಿ ಬಡಿಯುವುದು, ಮೊಸರಿನ ಗಡಿಗೆ ಹೊರುವುದು, ಈದ್ ಹತ್ತಿರವಾದಾಗ ನಡುರಾತ್ರಿಯವರೆಗೆ ಹೊಲಿಗೆ ಯಂತ್ರದ ಮುಂದೆ ಕೂರುವುದು. ಈಗ ಮೊಬೈಲ್ ಬೇರೆ.

ಹೀಗೆ ದಣಿದ ಸ್ನಾಯುವಿನಲ್ಲಿ ಸಣ್ಣ ಗಂಟುಗಳಂಥ ಬಿಗಿತ ಉಂಟಾಗುತ್ತದೆ. ಕುತ್ತಿಗೆಯಿಂದ ಭುಜಕ್ಕೆ ಇಳಿಯುವ ಟ್ರೆಪೀಜಿಯಸ್ ಸ್ನಾಯುವಿನಲ್ಲಿ ಇದು ಹೆಚ್ಚು. ಗಂಟನ್ನು ಒತ್ತಿದರೆ ನೋವು ಕಿವಿಯ ಹಿಂದಿನಿಂದ ಕಪಾಲದವರೆಗೂ ಹರಿಯಬಹುದು. ತಲೆನೋವೆಂದು ಮಾತ್ರೆ ನುಂಗುವವರಲ್ಲಿ ಕೆಲವರ ನಿಜವಾದ ನೋವು ಭುಜದಲ್ಲಿರುತ್ತದೆ.

ಇಂಥ ಗಂಟುಗಳಿಗೆ ವೈದ್ಯರು ಮೊದಲು ಮದ್ದಿನ ಚುಚ್ಚುಮದ್ದು ಕೊಡುತ್ತಿದ್ದರು. ಮದ್ದಿಲ್ಲದ ಬರೀ ಸೂಜಿಯೂ ನೋವು ಇಳಿಸುತ್ತದೆಂದು ಝೆಕ್ ವೈದ್ಯ ಕಾರೆಲ್ ಲೆವಿಟ್ 1979ರಲ್ಲಿ ಬರೆದರು. ಅದಕ್ಕೇ ‘ಡ್ರೈ ನೀಡ್ಲಿಂಗ್’, ಅಂದರೆ ಒಣ ಸೂಜಿ ಎಂಬ ಹೆಸರು. ಕೂದಲಿಗಿಂತ ತುಸು ದಪ್ಪದ ಸೂಜಿ ಗಂಟಿಗೆ ತಾಗಿದಾಗ ಸ್ನಾಯು ಒಮ್ಮೆ ತಟಕ್ಕನೆ ಅದುರುತ್ತದೆ, ನಂತರ ಸಡಿಲವಾಗುತ್ತದೆ. ಒಂದೆರಡು ದಿನ ಮೈಕೈ ನೋವಿನಂಥ ನೋವು ಉಳಿಯುವುದು ಸಹಜ.

ಇದು ಹಿಜಾಮಾ ಅಲ್ಲ, ಇಲ್ಲಿ ರಕ್ತ ತೆಗೆಯುವುದಿಲ್ಲ. ಹೆಚ್ಚೆಂದರೆ ಒಂದು ಚುಕ್ಕೆ ಕಾಣಿಸೀತು. ಹರಿಯದ ಚುಕ್ಕೆಯಿಂದ ವುಝೂ ಮುರಿಯುವುದಿಲ್ಲ ಎಂಬುದು ಹನಫಿ ಫಿಕ್ಹ್‌ನ ಮಾತು. ದೇಹದೊಳಗೆ ಮದ್ದು ಹೋಗದಿದ್ದರೂ ಉಪವಾಸದ ವಿಷಯವನ್ನು ನಿಮ್ಮ ಆಲಿಮರಲ್ಲಿ ಕೇಳಿಕೊಳ್ಳಿ, ಇಲ್ಲವೇ ಇಫ್ತಾರ್ ನಂತರದ ಸಮಯ ಪಡೆಯಿರಿ. ಸ್ತ್ರೀಯರು ಮಹಿಳಾ ಫಿಸಿಯೋಥೆರಪಿಸ್ಟ್ ಬೇಕೆಂದು ಮೊದಲೇ ಹೇಳಬಹುದು. ಇದರಲ್ಲಿ ಸಂಕೋಚ ಬೇಡ.

ಇನ್ನು ಅಪಾಯದ ಮಾತು. ಭುಜದ ಆ ಸ್ನಾಯುವಿನ ಕೆಳಗೇ ಶ್ವಾಸಕೋಶದ ತುದಿ ಇದೆ. ಸೂಜಿ ತಪ್ಪಿ ಆಳಕ್ಕೆ ಹೋದರೆ ಶ್ವಾಸಕೋಶಕ್ಕೆ ತೂತು ಬೀಳಬಹುದು. ಅಪರೂಪ, ಆದರೆ ಆಗಿದೆ. ಆದ್ದರಿಂದ ಸಂತೆಯಲ್ಲೋ ಪರಿಚಯದವರ ಅಂಗಡಿಯಲ್ಲೋ ಚುಚ್ಚಿಸಿಕೊಳ್ಳಬೇಡಿ. ವಿಜಯಪುರಕ್ಕೋ ಬಾಗಲಕೋಟೆಗೋ ಬಸ್ಸಿನಲ್ಲಿ ಹೋಗಿ, ಇದರಲ್ಲೇ ತರಬೇತಿ ಪಡೆದವರನ್ನು ಕಾಣುವುದು ಲೇಸು. ಸೂಜಿಯ ಪೊಟ್ಟಣ ನಿಮ್ಮೆದುರೇ ಒಡೆಯಲಿ. ಚಿಕಿತ್ಸೆಯ ನಂತರ ಎದೆನೋವು, ಉಸಿರುಕಟ್ಟು ಕಂಡರೆ ಕಾಯದೆ ಆಸ್ಪತ್ರೆಗೆ ಹೋಗಿ. ರಕ್ತ ತಿಳಿಯಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಗರ್ಭಿಣಿಯರು ಮುಂಚೆಯೇ ತಿಳಿಸಬೇಕು.

ಎಲ್ಲ ಕುತ್ತಿಗೆ ನೋವೂ ಸ್ನಾಯುವಿನದ್ದಲ್ಲ. ಕೈ ಜೋಮು ಹಿಡಿದರೆ, ಬಲ ಕುಂದಿದರೆ, ಜ್ವರದೊಂದಿಗೆ ಕತ್ತು ಸೆಟೆದರೆ, ಬಿದ್ದು ಪೆಟ್ಟಾಗಿದ್ದರೆ, ಎದೆಯ ನೋವು ಕುತ್ತಿಗೆಗೆ ಏರಿದರೆ ಸೂಜಿಯ ಯೋಚನೆ ಬಿಟ್ಟು ವೈದ್ಯರ ಬಳಿ ಓಡಿ.

ಸೂಜಿಯಿಂದ ಸಿಗುವ ಆರಾಮ ಹೆಚ್ಚಾಗಿ ಕೆಲವು ದಿನ, ಕೆಲವು ವಾರಗಳದ್ದು. ಆ ಅವಧಿಯಲ್ಲಿ ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟ ಕುತ್ತಿಗೆ, ಭುಜದ ವ್ಯಾಯಾಮ ಮಾಡದಿದ್ದರೆ ಗಂಟು ಮರಳಿ ಕಟ್ಟುತ್ತದೆ. ಹೊಲಿಗೆ ಯಂತ್ರವನ್ನು ಕಣ್ಣಿಗೆ ಹತ್ತಿರವಾಗುವಷ್ಟು ಎತ್ತರಿಸಿ, ಅರ್ಧ ಗಂಟೆಗೊಮ್ಮೆ ಎದ್ದು ನಿಲ್ಲಿ. ಸೂಜಿ ಹಾಕಿಸಿದ ದಿನ ಮೊಸರಿನ ಗಡಿಗೆಯನ್ನು ಮನೆಯ ಗಂಡಸರು ಹೊರಲಿ.