ಚಳ್ಳಕೆರೆ-ಮೊಳಕಾಲ್ಮೂರು ಪರಿಸರದ ಜನಪದ ವಸತಿ ಮತ್ತು ವಿಕಿರಣ ರಕ್ಷಣೆ: ಒಂದು ವಿವೇಚನೆ

ಜನಪದ ವಾಸ್ತುವನ್ನು ಕುರಿತು ಕನ್ನಡದಲ್ಲಿ ನಡೆದಿರುವ ಅಧ್ಯಯನಗಳು ಮನೆಯನ್ನು ಬಹುಮಟ್ಟಿಗೆ ಆಚರಣೆಯ ನೆಲೆಯಾಗಿ ನೋಡಿವೆ. ಹೊಸಿಲ ಪೂಜೆ, ನಡುಗಂಬದ ನಂಬಿಕೆ, ಬಾಗಿಲ ದಿಕ್ಕು, ದೇವರ ಮೂಲೆ ಇವುಗಳನ್ನು ನಾವು ವಿಸ್ತಾರವಾಗಿ ದಾಖಲಿಸಿದ್ದೇವೆ. ಆದರೆ ಮನೆ ಏನನ್ನು ತಡೆಯುತ್ತದೆ, ಎಷ್ಟು ತಡೆಯುತ್ತದೆ ಎಂಬ ಸರಳ ಪ್ರಶ್ನೆಯನ್ನು ಕೇಳಿದ್ದು ಕಡಿಮೆ. ಈ ಲೇಖಕನಿಗೂ ಆ ಪ್ರಶ್ನೆ ಗ್ರಂಥಾಲಯದಲ್ಲಿ ಹೊಳೆದುದಲ್ಲ. ಚಳ್ಳಕೆರೆ ತಾಲೂಕಿನ ಹಟ್ಟಿಯೊಂದರಲ್ಲಿ ಕ್ಷೇತ್ರಕಾರ್ಯ ನಡೆಸುತ್ತಿದ್ದಾಗ ಹಿರಿಯ ವಕ್ತೃವೊಬ್ಬರು, ಕಾವಲಿನಲ್ಲಿ ಕಟ್ಟುತ್ತಿರುವ ಅಣುವಿನ ಕಾರ್ಖಾನೆಯಿಂದ ಏನಾದರೂ ಹೊರಬಿದ್ದರೆ ಮನೆಯೊಳಗೆ ಇರಬೇಕೋ ಬಯಲಿಗೆ ಓಡಬೇಕೋ ಎಂದು ಕೇಳಿದರು. ಕಥನ ಕೇಳಲು ಹೋದವನಿಗೆ ಉತ್ತರ ಗೊತ್ತಿರಲಿಲ್ಲ. ಆ ಉತ್ತರವನ್ನು ಹುಡುಕುವುದೇ ಪ್ರಸ್ತುತ ಲೇಖನದ ಉದ್ದೇಶ.

ಪ್ರಶ್ನೆಯ ಹಿನ್ನೆಲೆ ಸಂಶೋಧಕರಿಗೆ ತಿಳಿದದ್ದೇ. ಮೈಸೂರು ಅರಸರ ಕಾಲದಿಂದ ಅಮೃತಮಹಲ್ ದನಗಳ ಮೇವಿಗೆಂದು ಕಾಯ್ದಿರಿಸಿದ್ದ ಉಳ್ಳಾರ್ತಿ, ಖುದಾಪುರ, ವರವು ಮೊದಲಾದ ಕಾವಲುಗಳಿಂದ 2008ರ ತರುವಾಯ ಸುಮಾರು 10,000 ಎಕರೆ ಭೂಮಿಯನ್ನು ರಕ್ಷಣಾ ಸಂಶೋಧನೆ, ಬಾಹ್ಯಾಕಾಶ, ಅಣುಶಕ್ತಿ ಮತ್ತು ವಿಜ್ಞಾನ ಸಂಸ್ಥೆಗಳಿಗೆ ನೀಡಲಾಯಿತು. ಖುದಾಪುರದ 1,500 ಎಕರೆ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದಿತು. ಉಳ್ಳಾರ್ತಿ ಕಾವಲಿನ ಭಾಗ ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ ಯುರೇನಿಯಂ ಸಂವರ್ಧನೆಯ ಉದ್ದೇಶಕ್ಕಾಗಿ ಹೋಯಿತು. ಭೂಮಿಯ ಹಕ್ಕಿನ ವಿಚಾರ ಹಸಿರು ನ್ಯಾಯಮಂಡಳಿಯವರೆಗೂ ಹೋಗಿ ಚರ್ಚೆಯಾಗಿದೆ. ಅದನ್ನು ಇಲ್ಲಿ ಮತ್ತೆ ಎತ್ತುವುದಿಲ್ಲ. ನಮ್ಮ ಗಮನ ಕಾವಲಿನ ಅಂಚಿನ ಮನೆಗಳ ಮೇಲೆ.

ಮೊದಲು ವಿಕಿರಣ ಧೂಳು ಎಂದರೇನು ಎಂಬುದನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಅಣ್ವಸ್ತ್ರ ನೆಲಮಟ್ಟದಲ್ಲಿ ಸಿಡಿದಾಗ ಮೇಲೆದ್ದ ಮಣ್ಣು, ವಿದಳನದಿಂದ ಹುಟ್ಟಿದ ವಸ್ತುಗಳೊಡನೆ ಬೆರೆತು, ಗಾಳಿಯ ಜಾಡಿನಲ್ಲಿ ದೂರದವರೆಗೆ ಬೀಳುತ್ತದೆ. ರಿಯಾಕ್ಟರ್ ಅಪಘಾತದಲ್ಲಿಯೂ ಬೇರೆ ಪ್ರಮಾಣದಲ್ಲಿ, ಬೇರೆ ಮಿಶ್ರಣದಲ್ಲಿ ಇಂಥದ್ದೇ ಬೀಳುತ್ತದೆ. ನೆಲದ ಮೇಲೆ, ಮಾಡಿನ ಮೇಲೆ ಕುಳಿತ ಈ ಧೂಳು ಗ್ಯಾಮಾ ಕಿರಣವನ್ನು ಸೂಸುತ್ತದೆ. ಧೂಳು ಒಳಗೆ ಬಾರದಿದ್ದರೂ ಕಿರಣ ಗೋಡೆಯನ್ನು ದಾಟಿ ಬರುತ್ತದೆ. ಅದನ್ನು ಕುಗ್ಗಿಸುವುದು ಒಂದೇ ಸಂಗತಿ: ನಡುವೆ ಇರುವ ವಸ್ತುವಿನ ಭಾರ. ಗಟ್ಟಿಸಿದ ಮಣ್ಣು ಸುಮಾರು 9 ಸೆಂಟಿಮೀಟರ್ ಇದ್ದರೆ ಕಿರಣ ಅರ್ಧಕ್ಕೆ ಇಳಿಯುತ್ತದೆ. ಕಾಂಕ್ರೀಟ್ ಆದರೆ ಸುಮಾರು 6 ಸೆಂಟಿಮೀಟರ್ ಸಾಕು. ಎರಡನ್ನೂ ತೂಗಿ ನೋಡಿದರೆ ಲೆಕ್ಕ ಒಂದೇ ಕಡೆಗೆ ಬರುತ್ತದೆ. ಚದರ ಮೀಟರಿಗೆ ಹೆಚ್ಚುಕಡಿಮೆ 145 ಕಿಲೋ ಭಾರವಿದ್ದರೆ ಅರ್ಧ, ಅದರ ಎರಡರಷ್ಟಿದ್ದರೆ ಕಾಲು, ಮೂರರಷ್ಟಿದ್ದರೆ ಅರೆಕಾಲು. ಕಾಂಕ್ರೀಟಿಗೆ ಮಣ್ಣಿಗಿಂತ ಮಿಗಿಲಾದ ಗುಣವೇನೂ ಇಲ್ಲ, ಅದು ಹೆಚ್ಚು ಸಾಂದ್ರ ಅಷ್ಟೆ.

ಈ ಅಳತೆಗೋಲನ್ನು ಹಿಡಿದು ನಮ್ಮ ಮಾಳಿಗೆ ಮನೆಯ ಮುಂದೆ ನಿಲ್ಲೋಣ. ನಾಡಿನಲ್ಲಿಯೇ ಅತಿ ಕಡಿಮೆ ಮಳೆ ಬೀಳುವ ಈ ಸೀಮೆಯಲ್ಲಿ ಇಳಿಜಾರು ಮಾಡಿನ ಅಗತ್ಯ ಬಿದ್ದಿಲ್ಲ. ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಹಲಗೆ ಅಥವಾ ಕಟ್ಟಿಗೆಯ ಸೀಳು, ಅದರ ಮೇಲೆ ಬಂದರೆ ಸೊಪ್ಪಿನ ಹಾಸು, ಆ ಮೇಲೆ ತುಳಿದು ಗಟ್ಟಿಸಿದ ಮಣ್ಣು, ಕೊನೆಗೆ ಚೌಳು ಮಣ್ಣಿನ ಪದರ. ಚೌಳು ನೀರು ಸೋಕಿದೊಡನೆ ಮೆತ್ತಗಾಗಿ ಸಂದುಗಳನ್ನು ತಾನೇ ಮುಚ್ಚಿಕೊಳ್ಳುವುದರಿಂದ ಮಳೆ ಒಳಗಿಳಿಯದು. ಮುಂಗಾರಿಗೆ ಮುನ್ನ ಹೊಸ ಚೌಳು ಹೊತ್ತು ಹಾಕುವುದು ಮನೆಮಂದಿಯೆಲ್ಲರ ಕೆಲಸ. ವರ್ಷದಿಂದ ವರ್ಷಕ್ಕೆ ಮಾಳಿಗೆ ದಪ್ಪವಾಗುತ್ತ ಹೋಗುತ್ತದೆ. ತೊಲೆ ತಾಳದೆಂದು ಕಂಡಾಗ ಹಳೆಯ ಮಣ್ಣನ್ನು ಕೆರೆದು ಇಳಿಸುತ್ತಾರೆ. ಮಾಳಿಗೆಯ ದಪ್ಪವನ್ನು ಗೇಣು ಎಂದು ಹಿಡಿದರೆ ಅದು ಸುಮಾರು 22 ಸೆಂಟಿಮೀಟರ್, ಚದರ ಮೀಟರಿಗೆ 350 ಕಿಲೋ ಆಸುಪಾಸಿನ ಭಾರ. ಮಾಡಿನ ಮೇಲಿನ ಧೂಳಿನಿಂದ ಇಳಿಯುವ ಕಿರಣ ಐದನೇ ಒಂದು ಭಾಗಕ್ಕೂ ಕೆಳಗೆ ಹೋಗುತ್ತದೆ. ಮೊಳ ದಪ್ಪದ ಮಾಳಿಗೆಯಾದರೆ ಮೂವತ್ತನೇ ಒಂದು ಭಾಗ. ಮಣ್ಣುಗಾರೆಯ ದಪ್ಪ ಕಲ್ಲುಗೋಡೆ ಇದಕ್ಕೂ ಭಾರ.

ಆದರೆ ಇಡೀ ಮನೆಯ ರಕ್ಷಣೆ ಮಾಳಿಗೆ ಒಂದರ ಲೆಕ್ಕವಲ್ಲ. ಬಾಗಿಲು, ಬೆಳಕಿಂಡಿ, ಆಕಾಶದಿಂದ ಚದುರಿ ಬರುವ ಕಿರಣ ಎಲ್ಲವೂ ಸೇರಬೇಕು. ಎಲ್ಲವನ್ನೂ ಕೂಡಿಸಿ, ಕಿಟಕಿಯಿಲ್ಲದ ಹಳೆಯ ಮಾಳಿಗೆ ಮನೆಯ ನಡುಭಾಗದಲ್ಲಿ ಬಯಲಿನ ಹತ್ತನೇ ಒಂದು ಭಾಗದ ಆಸುಪಾಸು ಎಂದು ನಾನು ಅಂದಾಜು ಮಾಡುತ್ತೇನೆ. ಇದು ಅಂದಾಜೇ ಹೊರತು ಉಪಕರಣದ ಅಳತೆಯಲ್ಲ. ಹೋಲಿಕೆಗೆ, ಅಮೆರಿಕ ಸರ್ಕಾರ 1977ರಲ್ಲಿ ಪ್ರಕಟಿಸಿದ, ಗ್ಲಾಸ್ಟನ್ ಮತ್ತು ಡೋಲನ್ ಸಂಪಾದಿಸಿದ ಕೈಪಿಡಿ ಅಲ್ಲಿನ ಮರದ ಚೌಕಟ್ಟಿನ ಮನೆಗೆ ಎರಡನೇ ಅಥವಾ ಮೂರನೇ ಒಂದು ಭಾಗವನ್ನೂ, ಅದರ ನೆಲಮಾಳಿಗೆಗೆ ಹತ್ತರಿಂದ ಇಪ್ಪತ್ತನೇ ಒಂದು ಭಾಗವನ್ನೂ ಹೇಳುತ್ತದೆ. ಫುಕುಶಿಮಾ ಅಪಘಾತದ (2011) ನಂತರ ಜಪಾನ್ ಸರ್ಕಾರ ಮರದ ಮನೆಯೊಳಗಿನ ಪ್ರಮಾಣವನ್ನು ಹೊರಗಿನದರ 0.4 ಎಂದು ಹಿಡಿದು, ದಿನಕ್ಕೆ 8 ಗಂಟೆ ಹೊರಗೆ, 16 ಗಂಟೆ ಒಳಗೆ ಎಂಬ ಲೆಕ್ಕದಲ್ಲಿ ಜನರ ವಿಕಿರಣ ಪ್ರಮಾಣವನ್ನು ಅಂದಾಜಿಸಿತು. ನಮ್ಮಲ್ಲಿ 'ಕಚ್ಚಾ ಮನೆ' ಎಂದು ಗಣತಿಯ ಪಟ್ಟಿಗೆ ಸೇರುವ ಮಣ್ಣಿನ ಮಾಳಿಗೆ, ಈ ಒಂದು ವಿಷಯದಲ್ಲಿ ಅವೆರಡಕ್ಕಿಂತ ಗಟ್ಟಿ.

ಮನೆಯೊಳಗೂ ಎಲ್ಲ ಜಾಗ ಒಂದೇ ಅಲ್ಲ. ಬಾಗಿಲಿಗೆ, ಹೊರಗೋಡೆಗೆ, ಬೆಳಕಿಂಡಿಗೆ ದೂರವಾದ ನಡುಮನೆ ಲೇಸು. ಮೊಳಕಾಲ್ಮೂರಿನ ರೇಷ್ಮೆ ನೇಕಾರರ ಮನೆಗಳಲ್ಲಿ ಗುಂಡಿಮಗ್ಗವಿರುವ ಕಡೆ ನೇಕಾರ ಸೊಂಟದವರೆಗೆ ನೆಲದ ಮಟ್ಟಕ್ಕಿಂತ ಕೆಳಗೆ ಕುಳಿತಿರುತ್ತಾನೆ. ಹೊರನೆಲದ ಧೂಳಿನಿಂದ ಓರೆಯಾಗಿ ಬರುವ ಕಿರಣಕ್ಕೆ ಆ ಗುಂಡಿಯ ಮಣ್ಣು ಅಡ್ಡವಾಗುತ್ತದೆ. ಗೋಡೆಗೆ ಗೋಡೆ ತಾಗಿದ ನೇಕಾರರ ಬೀದಿಗೂ ಒಂದು ಅನುಕೂಲವಿದೆ: ಪಕ್ಕದ ಮನೆಯೇ ಒಂದು ಗೋಡೆಯಾಗಿ ಕೆಲಸ ಮಾಡುತ್ತದೆ.

ಕೈಗಾ ಸುತ್ತಿನ ಹೆಂಚಿನ ಮನೆಯನ್ನು ಇದರ ಪಕ್ಕಕ್ಕಿಟ್ಟು ನೋಡಬಹುದು. ಭಾರತದ ಪರಮಾಣು ವಿದ್ಯುತ್ ಸ್ಥಾವರಗಳ ಸುತ್ತ 16 ಕಿಲೋಮೀಟರ್ ವಲಯಕ್ಕೆ ತುರ್ತು ಯೋಜನೆ ಇರುತ್ತದೆ, ಮನೆಯೊಳಗೆ ಉಳಿಯುವುದು ಅದರ ಒಂದು ಕ್ರಮ. ಅಲ್ಲಿನ ಕೆಂಪುಕಲ್ಲಿನ ಗೋಡೆ ಭಾರವೇ, ಆದರೆ ಹೆಂಚು ಹಗುರ. ಮಳೆಗೆ ಹೆಂಚು ತೊಳೆದುಹೋಗುವುದಷ್ಟೇ ಅದರ ಲಾಭ. ನಮ್ಮ ಚಪ್ಪಟೆ ಮಾಳಿಗೆಯ ಮೇಲೆ ಬಿದ್ದದ್ದು ಅಲ್ಲೇ ಕುಳಿತಿರುತ್ತದೆ. ಜೇಡಿಯ ಅಂಶ ಸೀಸಿಯಂ ಅನ್ನು ಬಿಗಿಯಾಗಿ ಹಿಡಿದಿಡುವುದರಿಂದ ಮಳೆ ಅದನ್ನು ಸುಲಭವಾಗಿ ಕೊಚ್ಚಲಾರದು. ಮೇಲಿನ ಪದರ ಕೆರೆದು ಇಳಿಸುವ ಹಳೆಯ ರೂಢಿಯೇ ಆಗ ಶುದ್ಧೀಕರಣದ ದಾರಿಯಾದೀತು, ಆ ಮಣ್ಣನ್ನು ತಿಪ್ಪೆಗೆ ಹಾಕದಿದ್ದರೆ.

ಹೊಸ ಮನೆಗಳ ವಿಷಯ ಎರಡು ಬಗೆ. ನಾಲ್ಕೈದು ಅಂಗುಲದ ಆರ್‌ಸಿಸಿ ಮಾಡು ಕಿರಣವನ್ನು ಸುಮಾರು ಕಾಲು ಭಾಗಕ್ಕೆ ಇಳಿಸುತ್ತದೆ. ಗೇಣುದ್ದ ಮಾಳಿಗೆಗಿಂತ ತುಸು ಕಡಿಮೆ, ಅಷ್ಟೆ. ಜಿಂಕ್ ಶೀಟಿನ ಭಾರವಾದರೋ ಚದರ ಮೀಟರಿಗೆ 10 ಕಿಲೋ ಕೂಡ ಇಲ್ಲ. ಗ್ಯಾಮಾ ಕಿರಣಕ್ಕೆ ಅದು ಇದ್ದರೂ ಇಲ್ಲದಂತೆಯೇ. ಮಾಳಿಗೆಯನ್ನು ಕೆಡವಿ ಶೀಟು ಹೊದಿಸುವ ಬಡಕುಟುಂಬ ಮಾಡುತ್ತಿರುವುದು ತಪ್ಪೆಂದು ನಾನು ಹೇಳಲಾರೆ. ತೊಲೆಗೆ ಮರ ಸಿಗದು, ಚೌಳು ಹೊರುವ ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ಜಡಿಮಳೆಗೆ ನೆನೆದ ಮಾಳಿಗೆ ಮಲಗಿದವರ ಮೇಲೆ ಕುಸಿದ ನೆನಪು ಊರೂರಲ್ಲಿದೆ. ಭಾರ ಕಾಯುತ್ತದೆ, ಅದೇ ಭಾರ ಕೊಲ್ಲಲೂಬಹುದು.

ಇನ್ನು ಹಟ್ಟಿಗಳು. ಮ್ಯಾಸಬೇಡರ, ಕಾಡುಗೊಲ್ಲರ ಬುಡಕಟ್ಟು ಸಂಸ್ಕೃತಿಯಲ್ಲಿ ಹುಲ್ಲಿನ ಗುಡಿಸಲಿಗೆ ಬಡತನದಾಚೆಯ ಅರ್ಥವಿದೆ. ಜುಂಜಪ್ಪ, ಗಾದ್ರಿ ಪಾಲನಾಯಕರ ಕಥನಲೋಕ ಅಡವಿ, ದನ, ರೊಪ್ಪಗಳದ್ದು, ಕಲ್ಲುಮನೆಯದ್ದಲ್ಲ. ಗುಡಿಸಲು ಏನನ್ನು ಮಾಡಬಲ್ಲುದು, ಏನನ್ನು ಮಾಡಲಾರದು ಎಂಬುದಕ್ಕೆ ದೂರದ ಒಂದು ದಾಖಲೆ ಇದೆ. 1954ರ ಮಾರ್ಚ್ 1ರಂದು ಬಿಕಿನಿ ಹವಳದ್ವೀಪದಲ್ಲಿ ಅಮೆರಿಕ ನಡೆಸಿದ ಜಲಜನಕ ಬಾಂಬ್ ಪರೀಕ್ಷೆಯ ಧೂಳು ರೊಂಗೆಲಾಪ್ ದ್ವೀಪದ ಮೇಲೆ ಬಿಳಿಯ ಬೂದಿಯಂತೆ ಬಿದ್ದಿತು. ಅಲ್ಲಿದ್ದ 64 ಜನರ ಮನೆಗಳು ಗರಿಯವು. ಎರಡು ದಿನಗಳ ಬಳಿಕ ಅವರನ್ನು ಸಾಗಿಸುವ ಹೊತ್ತಿಗೆ ಆ ಗರಿಮಾಡು ಗ್ಯಾಮಾ ಕಿರಣವನ್ನು ತಡೆದದ್ದು ಅತ್ಯಲ್ಪ. ಆದರೂ ಧೂಳು ಬೀಳುವಾಗ ಒಳಗೆ ಉಳಿದವರಿಗೆ ಚರ್ಮದ ಸುಟ್ಟಗಾಯ ಕಡಿಮೆಯಾಗಿತ್ತು. ಬೂದಿ ಮೈಗೆ ತಾಗದಂತೆ ಕಾಯುವಷ್ಟು ಕೆಲಸವನ್ನು ಹುಲ್ಲೂ ಮಾಡುತ್ತದೆ.

ಇಲ್ಲಿ ಹೇಳದೆ ಬಿಡಲಾಗದ ಮಾತೊಂದಿದೆ. ಮುಟ್ಟಾದ ಹೆಣ್ಣನ್ನು, ಬಾಣಂತಿ-ಕೂಸನ್ನು ಹಟ್ಟಿಯ ಹೊರಗೆ ಪ್ರತ್ಯೇಕ ಗುಡಿಸಲಲ್ಲಿ ಇರಿಸುವ ಪದ್ಧತಿ ಕಾಡುಗೊಲ್ಲರ ಹಟ್ಟಿಗಳಲ್ಲಿ ಸಡಿಲಗೊಳ್ಳುತ್ತಿದ್ದರೂ ಪೂರ್ತಿ ಅಳಿದಿಲ್ಲ. ಇಡೀ ವಸತಿಯಲ್ಲಿ ಅತ್ಯಂತ ಹಗುರವಾದ ಮಾಡು ಅದು. ವಿಕಿರಣಕ್ಕೆ ಎಲ್ಲರಿಗಿಂತ ಬೇಗ ಈಡಾಗುವ ದೇಹ ಎಳೆಗೂಸಿನದು. ನಮ್ಮ ಜನಾಂಗಿಕ ವಿವರಣೆಗಳಲ್ಲಿ ಈ ಗುಡಿಸಲು ಮೈಲಿಗೆಯ ಅಧ್ಯಾಯದಲ್ಲಿ ಬರುತ್ತದೆ. ಅದು ವಸತಿಯ ಅಧ್ಯಾಯದಲ್ಲೂ ಬರಬೇಕು. ಹಟ್ಟಿಗಳಲ್ಲಿ ಸರ್ಕಾರ ಕಟ್ಟಿಸಿದ ಮಹಿಳಾ ಭವನಗಳು ಪದ್ಧತಿಯನ್ನೇ ಉಳಿಸುತ್ತವೆಂಬ ಟೀಕೆ ಸರಿಯಿರಬಹುದು. ಕಾಂಕ್ರೀಟಿನ ಮಾಡಿದ್ದರೆ ಭಾರದ ಲೆಕ್ಕದಲ್ಲಿ ಮಾತ್ರ ಅವು ಗುಡಿಸಲಿಗಿಂತ ಎಷ್ಟೋ ಮೇಲು.

ಕಾಲದ ಲೆಕ್ಕವೂ ಮುಖ್ಯ. ಅಣ್ವಸ್ತ್ರದ ಧೂಳಿನ ತೀವ್ರತೆ, ಕಾಲ ಏಳುಪಟ್ಟಾದಂತೆಲ್ಲ ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ: ಮೊದಲ ಗಂಟೆಯಲ್ಲಿ ನೂರಿದ್ದದ್ದು ಏಳು ಗಂಟೆಗೆ ಹತ್ತು, ಎರಡು ದಿನಕ್ಕೆ ಒಂದು. (ರಿಯಾಕ್ಟರಿನಿಂದ ಹೊರಬಿದ್ದದ್ದಕ್ಕೆ ಈ ಸೂತ್ರ ಹೊಂದದು, ಅದು ನಿಧಾನ.) ಆದುದರಿಂದ ಮೊದಲ ಎರಡು ದಿನ ಹೊರಗೆ ಬಾರದಿರುವುದೇ ಮನೆಯ ಗೋಡೆಯಷ್ಟು ಬೆಲೆಯುಳ್ಳದ್ದು. ಆದರೆ ದೇವರ ಎತ್ತುಗಳನ್ನು ಕಾಯುವ ಕಿಲಾರಿಗೆ ಎರಡು ದಿನ ಒಳಗಿರು ಎಂದು ಹೇಳುವವರು ಯಾರು? ರೊಪ್ಪಕ್ಕೆ ಮಾಡಿಲ್ಲ, ಅವನಿಗೂ ಇಲ್ಲ. ದನಕ್ಕೆ ನೀರು ಕಾಣಿಸದೆ ಅವನು ಒಳಗೆ ಕೂರಲಾರ.

ಇಷ್ಟಾದ ಮೇಲೆ ಹಿರಿಯರ ಮೂಲ ಪ್ರಶ್ನೆಗೆ ಮರಳಬೇಕು, ಏಕೆಂದರೆ ಈವರೆಗಿನ ಲೆಕ್ಕ ಅವರ ಪ್ರಶ್ನೆಗೆ ನೇರ ಉತ್ತರವಲ್ಲ. ಯುರೇನಿಯಂ ಸಂವರ್ಧನೆಯ ಘಟಕ ರಿಯಾಕ್ಟರ್ ಅಲ್ಲ. ಅಲ್ಲಿ ವಿದಳನದ ವಸ್ತುಗಳ ರಾಶಿ ಇರುವುದಿಲ್ಲ, ಆದ್ದರಿಂದ ಮೇಲೆ ವಿವರಿಸಿದ ಬಗೆಯ ಧೂಳು ಅದರಿಂದ ಬರುವಂಥದ್ದಲ್ಲ. ಅಲ್ಲಿ ಬಳಕೆಯಾಗುವ ವಸ್ತು ಯುರೇನಿಯಂ ಹೆಕ್ಸಾಫ್ಲೋರೈಡ್. ಅದು ಸೋರಿದರೆ ಗಾಳಿಯ ತೇವದೊಡನೆ ಕೂಡಿ ಹೈಡ್ರೋಜನ್ ಫ್ಲೋರೈಡ್ ಎಂಬ ಸುಡುವ ಅನಿಲವೂ ಯುರೇನಿಯಂನ ಸೂಕ್ಷ್ಮ ಕಣವೂ ಆಗುತ್ತದೆ. 1986ರ ಜನವರಿ 4ರಂದು ಅಮೆರಿಕದ ಓಕ್ಲಹೋಮಾ ರಾಜ್ಯದ ಗೋರ್ ಬಳಿಯ ಘಟಕದಲ್ಲಿ ಇದರ ಸಿಲಿಂಡರ್ ಒಡೆದಾಗ ಒಬ್ಬ ಕಾರ್ಮಿಕ ಸತ್ತದ್ದು ವಿಕಿರಣದಿಂದಲ್ಲ, ಅನಿಲದಿಂದ. ಇಂಥ ಸೋರಿಕೆಯ ಎದುರು ಗೋಡೆಯ ಭಾರ ಕೆಲಸಕ್ಕೆ ಬಾರದು. ಮನೆ ಎಷ್ಟು ಉಸಿರಾಡುತ್ತದೆ ಎಂಬುದೇ ಪ್ರಶ್ನೆ. ಒಂದೇ ಬಾಗಿಲು, ಮುಚ್ಚಬಲ್ಲ ಬೆಳಕಿಂಡಿಯ ಮಾಳಿಗೆ ಮನೆ ಇಲ್ಲಿಯೂ ಸ್ವಲ್ಪ ಹೊತ್ತು ಕಾಯುತ್ತದೆ. ಗೋಡೆ ಮತ್ತು ಶೀಟಿನ ನಡುವೆ ಸಂದು ಬಿಟ್ಟ ಮನೆಯೂ, ಮೈಯೆಲ್ಲ ಉಸಿರಾಡುವ ಗುಡಿಸಲೂ ಕಾಯಲಾರವು. ಅಲ್ಲಿರುವವರು ಗಾಳಿ ಬೀಸುವ ದಾರಿಗೆ ಅಡ್ಡಲಾಗಿ ದೂರ ಸರಿಯುವುದೇ ಮೇಲು. ಅಪರೂಪದ ಮೂರನೆಯ ಸಾಧ್ಯತೆಯೂ ಉಂಟು. 1999ರ ಸೆಪ್ಟೆಂಬರ್ 30ರಂದು ಜಪಾನಿನ ತೋಕಾಯ್‌ಮುರದ ಇಂಧನ ಘಟಕದಲ್ಲಿ ಯುರೇನಿಯಂ ದ್ರಾವಣ ಮಿತಿಮೀರಿ ಒಂದೆಡೆ ಸೇರಿ ಸರಣಿ ಕ್ರಿಯೆ ಹತ್ತಿಕೊಂಡಿತು. 350 ಮೀಟರ್ ಒಳಗಿನವರನ್ನು ತೆರವುಗೊಳಿಸಿ, 10 ಕಿಲೋಮೀಟರ್ ಒಳಗಿನ ಸುಮಾರು 3.1 ಲಕ್ಷ ಜನರಿಗೆ ಮನೆಯೊಳಗಿರಲು ಸೂಚಿಸಿದರು.

ಭಾರ ಮತ್ತು ಉಸಿರು ಒಂದಕ್ಕೊಂದು ಎದುರಾಗುವ ಬಗೆಯನ್ನು ಬಯಲುಸೀಮೆಯ ಜನ ಬಲ್ಲರು. ಈಗ ಬಹುಪಾಲು ಮುಚ್ಚಿಹೋಗಿರುವ ಹಗೇವುಗಳನ್ನು ನೆನೆಯಬೇಕು. ಮೂರಡಿ ಮಣ್ಣು ಮೇಲಿದ್ದರೆ ಲೆಕ್ಕದ ಪ್ರಕಾರ ಕಿರಣ ಸಾವಿರದಲ್ಲೊಂದು ಭಾಗ. ಇದಕ್ಕಿಂತ ಉತ್ತಮ ಆಸರೆಯನ್ನು ಯಾವ ಎಂಜಿನಿಯರೂ ಕಟ್ಟಬೇಕಾಗಿಲ್ಲ. ಆದರೆ ಹಗೇವಿನ ಬಾಯಿ ತೆರೆದೊಡನೆ ಯಾರೂ ಇಳಿಯುತ್ತಿರಲಿಲ್ಲ. ಮೊದಲು ದೀಪ ಇಳಿಬಿಟ್ಟು ನೋಡುತ್ತಿದ್ದರು. ದೀಪ ಆರಿದರೆ ಒಳಗೆ ಕೆಟ್ಟ ಗಾಳಿ. ಕಾಳಿನ ಉಸಿರಿನಿಂದ ತುಂಬಿದ ಆ ಗಾಳಿಗೆ ಸಿಕ್ಕಿ ಸತ್ತವರಿದ್ದಾರೆ.

ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2009ರಲ್ಲಿ ಅಣು ಮತ್ತು ವಿಕಿರಣ ತುರ್ತುಗಳಿಗೆ ಮಾರ್ಗಸೂಚಿ ಹೊರಡಿಸಿತು. ಮನೆಯೊಳಗೆ ಆಶ್ರಯ ಪಡೆಯುವುದು ಅಂಥ ಸೂಚನೆಗಳಲ್ಲಿ ಸಾಮಾನ್ಯವಾದುದು. 'ಮನೆಯೊಳಗೆ ಇರಿ' ಎಂಬ ಆ ಒಂದು ವಾಕ್ಯ ಚಳ್ಳಕೆರೆಯ ಪೇಟೆಯ ಆರ್‌ಸಿಸಿ ಮನೆಗೆ ಒಂದು ಅರ್ಥ, ಮೊಳಕಾಲ್ಮೂರಿನ ನೇಕಾರರ ಬೀದಿಗೆ ಇನ್ನೊಂದು, ಹಟ್ಟಿಯ ಗುಡಿಸಲಿಗೆ ಮತ್ತೊಂದು. ಯಾವ ಊರಿನಲ್ಲಿ ಎಷ್ಟು ಮಾಳಿಗೆ, ಎಷ್ಟು ಶೀಟು, ಎಷ್ಟು ಗುಡಿಸಲು, ಯಾವುದರ ದಪ್ಪ ಎಷ್ಟು ಎಂಬ ಪಟ್ಟಿಯನ್ನು ಮಾಡಬಲ್ಲವರು ಊರೂರು ತಿರುಗುವ ಜನಪದ ಕ್ಷೇತ್ರಕಾರ್ಯಕರ್ತರೇ. ಗಜಕಡ್ಡಿಯೊಂದನ್ನು ಧ್ವನಿಮುದ್ರಕದ ಜೊತೆಗೆ ಒಯ್ದರೆ ಸಾಕು.

ಆ ಹಿರಿಯರಿಗೆ ಈ ಉತ್ತರವನ್ನು ನಾನು ಹೇಳಿದಾಗ ಅವರು ತಮ್ಮ ಮಾಳಿಗೆಯನ್ನು ನೋಡಿ ಬೇರೆಯೇ ವಿಷಯ ತೆಗೆದರು. ಜಂತೆಯ ಮೇಲಿನ ಬಂದರೆ ಸೊಪ್ಪು ಹಳತಾಗಿ ಪುಡಿ ಉದುರುತ್ತಿತ್ತು. ಹೊಸ ಸೊಪ್ಪು ಹಾಸಬೇಕಿತ್ತು. ಸೊಪ್ಪು, ಸೌದೆ, ಗುಡಿಸಲ ಹುಲ್ಲು ಎಲ್ಲವನ್ನೂ ಅವರ ಹಟ್ಟಿಯವರು ತರುತ್ತಿದ್ದುದು ಕಾವಲಿನಿಂದ. ಆ ದಾರಿಗೆ ಈಗ ಗೋಡೆ ಬಂದಿದೆ.